ಮೊದಲ ಸಲ ಇಟಲಿಗೆ: ಎರಡೇ ಊರು

ಎಲ್ಲರಿಗೂ ನಮಸ್ಕಾರ. ಈಗ ರೇಡಿಯೋ ಹಾಕ್ಕೊಂಡು ಅಡುಗೆಮನೇಲಿ ಬೀನ್ಸ್ ಹೆಚ್ತಾ ಇರೋ ಒಬ್ರು ಅಮ್ಮ ಇದ್ದಾರೆ, ಮಗಳು ಜರ್ಮನೀಲೋ ಲಂಡನ್ನಲ್ಲೋ ಇದ್ದಾಳೆ, "ಈ ವರ್ಷ ಅಪ್ಪನ ಜೊತೆ ಇಟಲಿ ನೋಡ್ಕೊಂಡು ಬಾಮ್ಮ" ಅಂದಿದ್ದಾಳೆ ಅನ್ಕೊಳ್ತೀನಿ. ಆ ಅಮ್ಮನಿಗೇ ಇವತ್ತು ನಾನು ಮಾತಾಡ್ತಿರೋದು.

ಹನ್ನೆರಡು ವರ್ಷದಿಂದ ಜನರಿಗೆ ಪ್ರವಾಸದ ಪ್ಲಾನ್ ಮಾಡಿಕೊಡ್ತಾ ಇದ್ದೀನಿ. ಬರೋರೆಲ್ಲ ಕೈಯಲ್ಲಿ ಒಂದು ಚೀಟಿ ಹಿಡ್ಕೊಂಡೇ ಬರ್ತಾರೆ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್, ಆಮೇಲೆ ಆ ಕೋಮೋ ಸರೋವರ, ಅಮಾಲ್ಫಿ ಬೀಚು. ಎಷ್ಟು ದಿನ ಅಂತ ಕೇಳಿದ್ರೆ ಎಂಟು ದಿನ ಅಂತಾರೆ. ನಾನು ಚೀಟಿ ಮಡಿಸಿ ವಾಪಸ್ ಕೊಟ್ಟು ಹೇಳೋದು ಒಂದೇ ಮಾತು, ಎರಡೇ ಊರು. ರೋಮ್, ಜೊತೆಗೆ ಇನ್ನೊಂದು.

ಯಾಕೆ ಅಂತ ಕೇಳಿ. ರೋಮಿಂದ ಫ್ಲಾರೆನ್ಸಿಗೆ ಫಾಸ್ಟ್ ಟ್ರೇನಲ್ಲಿ ಒಂದೂವರೆ ಗಂಟೆ. ಅಷ್ಟೇ ತಾನೆ ಅಂತೀರಿ. ಅಷ್ಟೇ ಅಲ್ಲ ಸ್ವಾಮಿ! ಬೆಳಿಗ್ಗೆ ಎದ್ದು ಪೆಟ್ಟಿಗೆ ಕಟ್ಟಬೇಕು, ಹೋಟೆಲ್ ಲೆಕ್ಕ ಮುಗಿಸಬೇಕು, ಆ ಕಲ್ಲು ಹಾಸಿದ ರಸ್ತೇಲಿ ಚಕ್ರದ ಸೂಟ್‌ಕೇಸ್ ದಡದಡ ಎಳ್ಕೊಂಡು ಸ್ಟೇಷನ್ನಿಗೆ ಹೋಗ್ಬೇಕು, ಆ ಕಡೆ ಇಳಿದು ಹೋಟೆಲ್ ಹುಡುಕಬೇಕು, ಅಲ್ಲಿ ರೂಮು ಕೊಡೋದೇ ಮಧ್ಯಾಹ್ನ ಎರಡು ಮೂರು ಗಂಟೆಗೆ. ಕಾಲು ತೊಳ್ಕೊಂಡು ಹೊರಗೆ ಬರೋ ಹೊತ್ತಿಗೆ ಸಂಜೆ. ಊರು ಬದಲಿಸಿದ ಪ್ರತಿ ಸಲಾನೂ ಒಂದು ದಿನ ಹೋಯ್ತು ಅಂತ್ಲೇ ಲೆಕ್ಕ. ಏಳು ಊರು ಅಂದ್ರೆ ನೀವು ನೋಡೋದು ಏಳು ಸ್ಟೇಷನ್ನು, ಏಳು ಲಿಫ್ಟು.

ನಂಗೆ ಇದು ಹೇಗೆ ಅರ್ಥ ಆಯ್ತು ಅಂತ ಹೇಳ್ತೀನಿ. ಈ ಕೆಲಸಕ್ಕೆ ಬರೋ ಮುಂಚೆ, 2009ರ ಅಕ್ಟೋಬರಲ್ಲಿ, ನಾನು, ಯಜಮಾನ್ರು, ನಮ್ಮತ್ತೆ ಮೂರು ಜನ ಒಂದು ಬಸ್ ಟೂರಲ್ಲಿ ಇಟಲಿಗೆ ಹೋಗಿದ್ವಿ. ಎಂಟು ದಿನ, ಏಳು ಊರು. ಅತ್ತೆಗೆ ಆಗ ಅರವತ್ತೆಂಟು. ಹುಟ್ಟಿದ್ದು ತೀರ್ಥಹಳ್ಳಿ ಕಡೆ ಒಂದು ದೊಡ್ಡ ತೊಟ್ಟಿ ಮನೇಲಿ. ಗೊತ್ತಲ್ಲ, ನಾಲ್ಕೂ ಕಡೆ ಜಗಲಿ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಮಳೆ ಬಂದ್ರೆ ಮನೆ ಮಧ್ಯಕ್ಕೇ ಸುರಿಯುತ್ತೆ.

ರೋಮಲ್ಲಿ ಪ್ಯಾಂಥಿಯಾನ್ ಅಂತ ಒಂದು ದೇವಸ್ಥಾನ ಇದೆ, ಹೇಡ್ರಿಯನ್ ಚಕ್ರವರ್ತಿ ಕಾಲದ್ದು, ಹತ್ರ ಹತ್ರ 1900 ವರ್ಷ ಹಳೇದು, ಈಗ ಚರ್ಚು. ಮೇಲೆ ಒಂದೇ ಒಂದು ಗುಮ್ಮಟ, ಅಡ್ಡಳತೆ 43 ಮೀಟರ್, ಒಳಗೆ ಒಂದು ಕಬ್ಬಿಣದ ಸರಳೂ ಇಲ್ದೆ ಬರೀ ಕಾಂಕ್ರೀಟಲ್ಲಿ ಎರಕ ಹೊಯ್ದಿದ್ದು. ಆ ಗುಮ್ಮಟದ ನೆತ್ತೀಲಿ ಒಂದು ದುಂಡು ತೂತು, ಸುಮಾರು ಮೂವತ್ತಡಿ ಅಗಲ. ಗಾಜಿಲ್ಲ, ಮುಚ್ಚಳ ಇಲ್ಲ. ನಾವು ಒಳಗೆ ಕಾಲಿಡೋಕೂ ಮಳೆ ಶುರುವಾಗೋಕೂ ಸರಿಹೋಯ್ತು. ಆ ತೂತಿಂದ ಬೆಳಕಿನ ಜೊತೆಗೇ ಮಳೆ ಇಳೀತಾ ಇದೆ, ಕೆಳಗೆ ಅಮೃತಶಿಲೆ ನೆಲ ಫಳಫಳ ಅಂತಿದೆ, ಕಾವಲಿನೋರು ಓಡಿ ಬಂದು ನಡುವೆ ಹಗ್ಗ ಕಟ್ಟಿದ್ರು. ಎಲ್ರೂ ಕತ್ತೆತ್ತಿ ಮೇಲೆ ನೋಡಿ ಫೋಟೋ ತೆಗೀತಿದ್ರೆ ನಮ್ಮತ್ತೆ ಒಬ್ರೇ ಬಗ್ಗಿ ನೆಲ ನೋಡ್ತಿದ್ರು. "ನೀರು ಎಲ್ಲಿಗೆ ಹೋಗ್ತಿದೆ ನೋಡು ಮಾರಾಯ್ತಿ" ಅಂದ್ರು. ನೋಡಿದ್ರೆ ನೆಲ ನಡುವೆ ಒಂಚೂರು ಉಬ್ಬು, ಅಲ್ಲಲ್ಲಿ ಕಲ್ಲಲ್ಲಿ ಪುಟ್ಟ ಪುಟ್ಟ ತೂತು, ನೀರು ಹರಿದು ಅದರೊಳಗೆ ಇಳೀತಿದೆ. "ಇದು ನಮ್ಮ ತೊಟ್ಟಿ ಕಣೆ, ಮೇಲೆ ಸೂರು ದುಂಡಗೆ ಕಟ್ಟಿದ್ದಾರೆ ಅಷ್ಟೆ" ಅಂದ್ಬಿಟ್ರು. ಮೈ ಜುಮ್ ಅಂತು ನಂಗೆ.

ಅಷ್ಟೊತ್ತಿಗೆ ನಮ್ಮ ಟೂರಿನವರ ಬಾವುಟ ಬಾಗಿಲ ಹತ್ರ ಅಲ್ಲಾಡೋಕೆ ಶುರುವಾಯ್ತು. ಕೊಟ್ಟಿದ್ದೇ ಹತ್ತು ನಿಮಿಷ. ಬಸ್ಸಲ್ಲಿ ಕೂತ್ಕೊಂಡು ಅತ್ತೆ ಕಿಟಕಿ ಕಡೆ ಮುಖ ತಿರುಗಿಸಿ ಅಂದಿದ್ದು, "ಮಳೆ ನಿಲ್ಲೋ ತನಕಾನಾದ್ರೂ ಇರಬಹುದಿತ್ತು." ಊರಿಗೆ ಬಂದು ಫೋಟೋ ತೆಗೆದ್ರೆ ಯಾವ ಚರ್ಚು ಯಾವ ಊರಿಂದು ಅಂತ ಮನೇಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ರಿಗೂ ನೆನಪಿದ್ದಿದ್ದು ಆ ಮಳೆ ಒಂದೇ.

2011ರ ಏಪ್ರಿಲಲ್ಲಿ ಮತ್ತೆ ಹೋದ್ವಿ, ಈ ಸಲ ಟೂರಿಲ್ಲ, ಬಸ್ಸಿಲ್ಲ, ರೋಮು ಮತ್ತೆ ನೇಪಲ್ಸ್ ಎರಡೇ ಊರು. ನೇಪಲ್ಸಿಂದ ಲೋಕಲ್ ಟ್ರೇನಲ್ಲಿ ಪೊಂಪೆಗೆ ಕರ್ಕೊಂಡು ಹೋದೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಬೂದಿ ಸುರಿದು ಮುಚ್ಚಿಹಾಕಿದ ಊರು. ಅಲ್ಲಿ ಫಾನ್ ಅನ್ನೋ ರೋಮನ್ ವನದೇವತೆ ಹೆಸರಲ್ಲಿ ಫಾನ್‌ನ ಮನೆ ಅಂತ ಒಂದು ಶ್ರೀಮಂತರ ಮನೆ ಇದೆ, ಇಡೀ ಒಂದು ಬ್ಲಾಕು ಅವರದ್ದೇ. ಬಾಗಿಲ ಮುಂದೆ ನೆಲದಲ್ಲೇ ಬಣ್ಣದ ಕಲ್ಲಿನ ಚೂರಿಂದ ಲ್ಯಾಟಿನ್ನಲ್ಲಿ ಬರೆದಿದ್ದಾರೆ, ನಾವು ರಂಗೋಲೀಲಿ ಸುಸ್ವಾಗತ ಅಂತ ಬರೀತೀವಲ್ಲ ಹಾಗೆ. ಒಳಗೆ ಕಾಲಿಟ್ರೆ ಎದುರಿಗೇ ತೊಟ್ಟಿ! ಚೌಕವಾಗಿ ತಗ್ಗು ಮಾಡಿ ಬಣ್ಣಬಣ್ಣದ ಕಲ್ಲು ಜೋಡಿಸಿದ್ದಾರೆ, ಸೂರಿನ ನಡುವಿನ ಕಿಂಡಿಯಿಂದ ಮಳೆನೀರು ಅದಕ್ಕೇ ಬೀಳೋ ಹಾಗೆ. ಅತ್ತೆ ಅದರ ಸುತ್ತ ಹೆಜ್ಜೆ ಎಣಿಸ್ಕೊಂಡು ನಡೆದ್ರು, "ನಮ್ಮದು ಇದಕ್ಕಿಂತ ದೊಡ್ಡದು" ಅಂದ್ರು, ಆಮೇಲೆ ಪಕ್ಕದ ಕಟ್ಟೆ ಮೇಲೆ ಕೂತು ಅವರ ಅಜ್ಜಿ, ಮಳೆಗಾಲದಲ್ಲಿ ತೊಟ್ಟಿಗೆ ಹಂಡೆ ಇಡ್ತಿದ್ದಿದ್ದು, ಒಂದು ಗಂಟೆ ಕತೆ ಹೇಳಿದ್ರು. ಯಾರೂ ಬಾವುಟ ಅಲ್ಲಾಡಿಸ್ಲಿಲ್ಲ. ಎರಡೇ ಊರು ಅಂತ ಹೋಗಿದ್ದಕ್ಕೆ ತಾನೇ ಆ ಒಂದು ಗಂಟೆ ಸಿಕ್ಕಿದ್ದು!

ಅಯ್ಯೋ, ಗಡಿಯಾರ ನೋಡಿದ್ರೆ ನಂಗೆ ಇರೋದೇ ಮೂರು ನಿಮಿಷ. ಬೇಗ ಬೇಗ ಹೇಳ್ತೀನಿ.

ರೋಮಿಗೆ ನಾಲ್ಕು ರಾತ್ರಿ ಇಡಿ, ಕಡಿಮೆ ಬೇಡ. ಕೊಲೊಸಿಯಮ್ಮು, ವ್ಯಾಟಿಕನ್ ಮ್ಯೂಸಿಯಮ್ಮು ಎರಡಕ್ಕೂ ಮನೇಲಿ ಕೂತೇ ಟಿಕೆಟ್ ಮಾಡಿಸ್ಕೊಳ್ಳಿ, ಎರಡನ್ನೂ ಒಂದೇ ದಿನ ಹಾಕ್ಕೋಬೇಡಿ, ಕಾಲು ಸೋತುಹೋಗುತ್ತೆ. ಎರಡನೇ ಊರು ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ಚಿತ್ರ, ಶಿಲ್ಪ ಇಷ್ಟ ಇದ್ರೆ ಫ್ಲಾರೆನ್ಸ್. ಮೈಕೆಲ್ಯಾಂಜೆಲೊ ಕೆತ್ತಿದ ಡೇವಿಡ್ ಐದು ಮೀಟರಿಗೂ ಎತ್ತರ, ಅದರ ಬಲಗೈಯ ನರ ನೋಡಿ, ಕಲ್ಲು ಅಂತ ನಂಬೋಕಾಗಲ್ಲ. ಆದ್ರೆ ಸೋಮವಾರ ಡೇವಿಡ್ ಇರೋ ಆ ಮ್ಯೂಸಿಯಂ ರಜ, ನೋಡ್ಕೊಂಡು ಹೋಗಿ. ಪೀಸಾ ಗೋಪುರ ನೋಡ್ಲೇಬೇಕು ಅಂದ್ರೆ ಫ್ಲಾರೆನ್ಸಿಂದ ಟ್ರೇನಲ್ಲಿ ಒಂದು ಗಂಟೆ, ಹೋಗಿ ಸಂಜೆಗೆ ವಾಪಸ್ ಬನ್ನಿ, ಪೆಟ್ಟಿಗೆ ಹೋಟೆಲಲ್ಲೇ ಇರ್ಲಿ. ಊಟ, ಸಮುದ್ರ, ಪೊಂಪೆ ಬೇಕಂದ್ರೆ ನೇಪಲ್ಸ್, ರೋಮಿಂದ ಒಂದು ಗಂಟೆ ಹತ್ತು ನಿಮಿಷ. ನೀರಿನ ಊರೇ ಬೇಕು ಅಂದ್ರೆ ವೆನಿಸ್. ವಿಜಯನಗರ ನೋಡಿ ಹೋಗಿ ಅದರ ಕತೆ ಹೇಳಿ ಬರೆಸಿದ ನಿಕೊಲೊ ಕೊಂಟಿ ಸ್ಕೂಲ್ ಪುಸ್ತಕದಲ್ಲಿ ಬರ್ತಿದ್ದನಲ್ಲ, ಆ ಕಡೆಯ ವ್ಯಾಪಾರೀನೇ ಅವನು. ಆದ್ರೆ ವೆನಿಸಿಗೆ ಹೋದ್ರೆ ರಾತ್ರಿ ಅಲ್ಲೇ ದ್ವೀಪದಲ್ಲೇ ಉಳ್ಕೊಳ್ಳಿ, ಹಗಲು ಬಂದೋರೆಲ್ಲ ಸಂಜೆ ಹೊರಟ್ಮೇಲೆ ಗಲ್ಲೀಲಿ ನಿಮ್ಮ ಚಪ್ಪಲಿ ಸದ್ದು ನಿಮಗೇ ಕೇಳುತ್ತೆ. ದುಡ್ಡು ಉಳಿಸೋಕೆ ಅಂತ ಆಚೆ ದಡದ ಮೇಸ್ತ್ರೇ ಅನ್ನೋ ಊರಲ್ಲಿ ರೂಮ್ ಮಾಡ್ಬೇಡಿ, ದಯವಿಟ್ಟು.

ನಾಲ್ಕೂ ಬೇಕು ಅಂತೀರಾ? ಬೇಡ. ಎರಡೇ.

ಏಪ್ರಿಲ್, ಮೇ, ಇಲ್ಲಾಂದ್ರೆ ಅಕ್ಟೋಬರಲ್ಲಿ ಹೋಗಿ. ಆಗಸ್ಟಲ್ಲಿ ಬಿಸಿಲು ಸುಡುತ್ತೆ, ಎಷ್ಟೋ ಸಣ್ಣ ಅಂಗಡಿಯವರು ಬಾಗಿಲು ಹಾಕ್ಕೊಂಡು ಅವರೇ ರಜಕ್ಕೆ ಹೋಗಿರ್ತಾರೆ. ವೀಸಾಗೆ ಆರು ತಿಂಗಳು ಮುಂಚಿಂದ ಅರ್ಜಿ ಹಾಕಬಹುದು, ಕೊನೇ ಗಳಿಗೆ ತನಕ ಕಾಯ್ಬೇಡಿ. ಸಸ್ಯಾಹಾರಿಗಳು ಪಿಜ್ಜಾ ಮರಿನಾರಾ ಅಂತ ಕೇಳಿ, ಹೆಸರು ಕೇಳಿ ಮೀನಿರುತ್ತೆ ಅನ್ಕೋಬೇಡಿ, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ, ಚೀಸೂ ಇರಲ್ಲ. ಕಟ್ಟುನಿಟ್ಟಾಗಿ ಇರೋರು ಪಾರ್ಮೆಸಾನ್ ಚೀಸ್ ಬಿಡಿ, ಅದನ್ನ ಹೆಪ್ಪು ಹಾಕೋದು ಕರುವಿನ ಹೊಟ್ಟೆಯ ರೆನೆಟ್ಟಿಂದ. ಚರ್ಚಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು, ಸೀರೆ ಉಟ್ಟೋರಿಗೆ ಒಂದು ಶಾಲು ಸಾಕು.

ಇನ್ನೊಂದೇ ಒಂದು. ನೀರಿನ ಬಾಟ್ಲಿ ದುಡ್ಡು ಕೊಟ್ಟು ತಗೋಬೇಡಿ. ರೋಮಲ್ಲಿ ಬೀದಿ ಬೀದೀಲಿ ಸುಮಾರು ನಾಲ್ಕಡಿ ಎತ್ತರದ ಕಬ್ಬಿಣದ ಕಂಬ, ಅದರಲ್ಲಿ ಮೂಗಿನ ಥರ ಬಾಗಿದ ಕೊಳವೆ, ಹಗಲೂ ರಾತ್ರಿ ತಣ್ಣಗಿನ ಕುಡಿಯೋ ನೀರು ಬರ್ತಾನೇ ಇರುತ್ತೆ. ಮೂಗನ್ನ ಬೆರಳಲ್ಲಿ ಒತ್ತಿ ಹಿಡೀರಿ, ಮೇಲಿನ ಸಣ್ಣ ತೂತಿಂದ ನೀರು ಕಾರಂಜಿ ಹಾಗೆ ಎದ್ದು ನೇರ ಬಾಯಿಗೇ ಬರುತ್ತೆ. ಮೊದಲು ಬಾಟ್ಲಿ ತುಂಬಿಸ್ಕೊಳ್ಳಿ, ಆಮೇಲೆ ಮೊಮ್ಮಕ್ಕಳಿಗೆ ತೋರ್ಸಿ, ಇಲ್ಲಾಂದ್ರೆ ಬಾಟ್ಲಿಗೆ ಸರದಿ ಬರೋದೇ ಇಲ್ಲ. ನಮಸ್ಕಾರ.