ಡಬ್ಬಿಗೆ ಏನೂ ಆಗಿಲ್ಲ, ಒಳಗಿನ ಆಂಪ್ಲಿಫೈಯರ್ ಯಾಕೆ ಹಾಳಾಯ್ತು?

[ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಆಂಪ್ಲಿಫೈಯರ್]

ನಮಸ್ಕಾರ್ರೀ. ಹೋದ ವರ್ಷ ನನ್ನ ಹಳೆ ಆಂಪ್ಲಿಫೈಯರನ್ನು ಆನ್‌ಲೈನಲ್ಲಿ ಮಾರಿ, ವಿಜಯಪುರದಿಂದ ಮೈಸೂರಿಗೆ ಕಳಿಸಿದೆ. ಮೂರನೇ ದಿನ ಫೋನು. "ಸರ್, ಡಬ್ಬಿ ಮೇಲೆ ಒಂದು ಗೀರೂ ಇಲ್ಲ. ಆದ್ರೆ ಒಳಗೆ ಏನೋ ಲೊಡಲೊಡ ಅಂತಿದೆ."

ಇವರೇ ಬೀಳಿಸಿ ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಮಾರುವವರ ಬುದ್ಧಿ ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ವಾ?

ಡಬ್ಬಿಯೊಳಗೊಂದು ಡಬ್ಬಿ, ನಡುವೆ ಸುತ್ತಲೂ 2 ಇಂಚು ಫೋಮ್. ಇದು ನಿಮಗೆ ಗೊತ್ತು, ನಾನೂ ಮಾಡಿದ್ದೆ. ಮುಂದೆ ಹೋಗೋಣ.

[ಟ್ರಾನ್ಸ್‌ಫಾರ್ಮರ್ ಹತ್ತಿರದಿಂದ]

ಇದು ಟ್ರಾನ್ಸ್‌ಫಾರ್ಮರ್. ಬರೀ ತಾಮ್ರ, ಕಬ್ಬಿಣ. ಪೆಟ್ಟಿಗೆಯ ತೂಕವೆಲ್ಲ ಹೆಚ್ಚುಕಡಿಮೆ ಇಲ್ಲೇ. ದುಂಡಗಿನದಾದರೆ ಅದನ್ನು ಹಿಡಿದಿರುವುದು ಸಾಮಾನ್ಯವಾಗಿ ನಡುವಿನ ಒಂದೇ ಬೋಲ್ಟು. ಡಬ್ಬಿ ಗಾಡಿಯಿಂದ ಧಡ್ ಅಂತ ಬಿದ್ದಾಗ ಡಬ್ಬಿ ನಿಂತಿತು, ಟ್ರಾನ್ಸ್‌ಫಾರ್ಮರ್ ನಿಲ್ಲಲಿಲ್ಲ. ತಳದ ತಗಡು ಬಗ್ಗಿತು, ಪಕ್ಕದ ಸರ್ಕಿಟ್ ಬೋರ್ಡು ಸೀಳಿತು.

ನಮ್ಮವ್ವ ಬೆಂಗಳೂರಲ್ಲಿರುವ ತಮ್ಮನಿಗೆ ಖಡಕ್ ರೊಟ್ಟಿ ಕಳಿಸುತ್ತಾಳೆ. ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ. ಐವತ್ತು ರೊಟ್ಟಿ ಒಂದರ ಮೇಲೊಂದು, ಬಟ್ಟೆಯಲ್ಲಿ ಬಿಗಿಯಾಗಿ ಗಂಟು. ಅವ್ವ ಹೇಳುವುದು ಇಷ್ಟೇ: "ರೊಟ್ಟಿ ಹಂದಾಡಬಾರದು." ಈ ವಿಡಿಯೋಗಾಗಿ ನಾನು ಎರಡು ಗಂಟು ಮೇಜಿನಿಂದ ಬೀಳಿಸಿದೆ. ಬಿಗಿ ಗಂಟಲ್ಲಿ ಮುರಿದದ್ದು ಎರಡು. ಸಡಿಲ ಗಂಟು ಪೂರ್ತಿ ಚೂರು. ಹೊರಗಿನ ಬಟ್ಟೆ ಎರಡಕ್ಕೂ ಒಂದೇ! ಬೈಸಿಕೊಂಡೆ. ಚೂರನ್ನು ಮೊಸರು, ಶೇಂಗಾ ಚಟ್ನಿ ಹಾಕಿ ತಿಂದು ಮುಗಿಸಿದೆವು. ಆಂಪ್ಲಿಫೈಯರಿಗೆ ಆ ಅನುಕೂಲ ಇಲ್ಲ.

ಟರ್ನ್‌ಟೇಬಲ್ಲಿಗೂ, ಅಂದರೆ ರೆಕಾರ್ಡ್ ಪ್ಲೇಯರಿಗೂ, ಇದೇ ಕಥೆ. ರೆಕಾರ್ಡ್ ಇಡುವ ತಿರುಗುವ ತಟ್ಟೆ (ಪ್ಲ್ಯಾಟರ್), ಮುಳ್ಳು ಹಿಡಿದಿರುವ ತೋಳಿನ ಹಿಂದಿನ ತೂಕದ ಬಿಲ್ಲೆ, ಎರಡನ್ನೂ ಬಿಚ್ಚಿ ಬೇರೆ ಸುತ್ತಬೇಕು. ತೋಳನ್ನು ಕಟ್ಟಬೇಕು. ಸ್ಪೀಕರಿನಲ್ಲಿ ಹಿಂದಿನ ಅಯಸ್ಕಾಂತ ಒಂದು ಕೂದಲಷ್ಟು ಸರಿದರೂ ಸಾಕು, ಮುಂದೆ ಕಾಣುವ, ದನಿ ಹೊಮ್ಮಿಸುವ ಕೋನ್ ನೋಡಲು ಚೆನ್ನಾಗಿರುತ್ತದೆ, ದನಿ ಮಾತ್ರ ಕರಕರ.

ಈಗ ದುಡ್ಡು ಯಾರು ಕೊಡಬೇಕು? 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸಾಗಣೆದಾರನ ಕೈಗೆ ಕೊಟ್ಟರೆ ಮೇಲ್ನೋಟಕ್ಕೆ ಕೊಂಡವನಿಗೆ ಕೊಟ್ಟಂತೆ. ಇದನ್ನು ಓದಿ ನನಗೆ ಖುಷಿಯೋ ಖುಷಿ. ಆದರೆ ಅದೇ ಕಲಮು ಮುಂದೆ ಹೇಳುತ್ತದೆ: ಸರಕಿಗೆ ತಕ್ಕಂತೆ ಸಾಗಣೆಯ ಒಪ್ಪಂದ ಮಾಡಿಕೊಳ್ಳದಿದ್ದರೆ, ಹಾಳಾದದ್ದಕ್ಕೆ ಮಾರಿದವನನ್ನೇ ಹೊಣೆ ಮಾಡಬಹುದು. ಖುಷಿ ಅಲ್ಲಿಗೇ ಮುಗಿಯಿತು.

ಕಾಯ್ದೆ ಬಿಡಿ, ನನ್ನ ಲೆಕ್ಕ ಸರಳ. ಡಬ್ಬಿ ಕಟ್ಟಿದ್ದು ನಾನು, ಕೊರಿಯರ್ ಆರಿಸಿದ್ದು ನಾನು, ರಸೀದಿ ನನ್ನ ಹೆಸರಲ್ಲಿದೆ. ಮೈಸೂರಿನವರು ಕ್ಲೇಮ್ ಕೇಳಲು ಯಾರ ಹತ್ತಿರ ಹೋಗಬೇಕು? "ಹಳೆ ಮಾಲು, ಇದ್ದ ಹಾಗೆ" ಅಂತ ಜಾಹೀರಾತಿನಲ್ಲಿ ಬರೆದದ್ದು ಹಳೆ ಗೀರುಗಳಿಗೆ, ದಾರಿಯಲ್ಲಾದ ಪೆಟ್ಟಿಗಲ್ಲ.

ಟೈಮ್ ಆಗ್ತಿದೆ, ಬೇಗ ಹೇಳ್ತೀನಿ. ಮಾರುವವರು, ಸೆಟ್ಟು ಹಾಡುತ್ತಿರುವ ವಿಡಿಯೋ ಸೀರಿಯಲ್ ನಂಬರ್ ಸಮೇತ ಇಟ್ಟುಕೊಳ್ಳಿ, ಕೊರಿಯರ್ ರಸೀದಿಯಲ್ಲಿ ನಿಜವಾದ ಬೆಲೆ ಬರೆಸಿ. ಕೊಳ್ಳುವವರು ಬಿಚ್ಚುವಾಗ ವಿಡಿಯೋ ಮಾಡಿ, ಡಬ್ಬಿ-ಫೋಮ್ ಎಸೆಯಬೇಡಿ, ಕೇಳದೆ ರಿಪೇರಿಗೆ ಕೊಡಬೇಡಿ. ಮಾರಿದವರು ಕೊಡಬೇಕಾದದ್ದು: ರಿಪೇರಿ ಆಗುವಂಥದ್ದಾದರೆ ಅದರ ಖರ್ಚು, ಆಗದಿದ್ದರೆ ಪೂರ್ತಿ ದುಡ್ಡು ವಾಪಸ್.

ನಾನು ರಿಪೇರಿ ಖರ್ಚು ಕೊಟ್ಟೆ. ಕೊರಿಯರಿನವರಲ್ಲಿ ಹಾಕಿದ ಕ್ಲೇಮ್ ಏನಾಯ್ತು ಅಂತೀರಾ? "ಒಳಗಿನ ಪ್ಯಾಕಿಂಗ್ ಸಾಲದು" ಅಂತ ಒಂದು ಸಾಲಿನ ಉತ್ತರ ಬಂತು. ಜಗಳಕ್ಕೆ ಹೋಗೋಣ ಅಂದ್ರೆ, ಅವರು ಹೇಳಿದ್ದು ಸುಳ್ಳಲ್ಲ.