ಸ್ನಾಯುಕೋಶ ಹೆಚ್ಚುವುದನ್ನು ನಿಲ್ಲಿಸುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಮೀನಖಂಡಕ್ಕೆ ಪೆಟ್ಟು ಬಿದ್ದರೆ ಕೆಲವು ವಾರಗಳಲ್ಲಿ ಅಲ್ಲಿ ಹೊಸ ಸ್ನಾಯು ಬೆಳೆಯುತ್ತದೆ. ಎಲ್ಲಿಂದ? ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡು ಸುಮ್ನೆ ಮಲಗಿರುವ ಪುಟ್ಟ ಕೋಶಗಳಿಂದ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಇವನ್ನು ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿ, ಸ್ಯಾಟಲೈಟ್ ಕೋಶ ಎಂದು ಕರೆದರು. ಪೆಟ್ಟಾದಾಗ ಇವು ಎದ್ದು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಆದರೆ ಹೆಚ್ಚುತ್ತಲೇ ಇದ್ದರೆ ಸ್ನಾಯು ಆಗೋದಿಲ್ಲ, ಅಲ್ವಾ? ಒಂದು ಹೊತ್ತಿನಲ್ಲಿ ನಿಲ್ಲಬೇಕು, ಒಂದಕ್ಕೊಂದು ಬೆಸೆದು ಉದ್ದನೆಯ ಎಳೆಯಾಗಬೇಕು. ಆ ಹೊತ್ತನ್ನು ತೀರ್ಮಾನಿಸುವುದರಲ್ಲಿ ಪ್ರೋಟೀನ್ ಕೈನೇಸ್‌ಗಳ ಪಾಲು ದೊಡ್ಡದು.

ಕೈನೇಸ್ ಎಟಿಪಿಯಿಂದ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣುವಿನಿಂದ, ಒಂದು ಫಾಸ್ಫೇಟ್ ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಷ್ಟಕ್ಕೇ ಆ ಪ್ರೋಟೀನಿನ ನಡತೆ ಬದಲಾಗಬಹುದು. 1955ರಲ್ಲಿ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಇದನ್ನು ಕಂಡುಕೊಂಡದ್ದು ಸ್ನಾಯುವಿನಲ್ಲೇ. 1992ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಊರಿನಲ್ಲಿ 1987ರಲ್ಲಿ ಇನ್ನೊಂದು ತಂಡಕ್ಕೆ ಮಯೋ-ಡಿ ಎಂಬ ಜೀನ್ ಸಿಕ್ಕಿತು. ಈ ಒಂದೇ ಜೀನನ್ನು ಚಾಲೂ ಮಾಡಿದರೆ ಸ್ನಾಯುವಲ್ಲದ ಕೋಶವೂ ಸ್ನಾಯುವಿನ ದಾರಿ ಹಿಡಿಯುತ್ತದೆ.

ಕೋಶ ಹೆಚ್ಚುತ್ತಿರುವಾಗ ಸಿಡಿಕೆ-4 ಎಂಬ ಕೈನೇಸ್, ಮಯೋ-ಡಿ ಜೀನಿನಿಂದ ಆಗುವ ಅದೇ ಹೆಸರಿನ ಪ್ರೋಟೀನನ್ನು ತಡೆದಿಡುತ್ತದೆ. ಆಮೇಲೆ ಪಿ-21 ಎಂಬ ಪ್ರೋಟೀನ್ ಹೆಚ್ಚಿ ಸಿಡಿಕೆ-4ರಂಥ ಕೈನೇಸ್‌ಗಳ ಕೈ ಕಟ್ಟುತ್ತದೆ. ಆಗ ಪಿ-38 ಎಂಬ ಕೈನೇಸಿನ ಸರದಿ. ಅದು ಮಯೋ-ಡಿಗೆ ಜೊತೆಗಾರ ಪ್ರೋಟೀನ್ ಸೇರುವಂತೆ ಮಾಡುತ್ತದೆ, ಸ್ನಾಯುವಿನ ಜೀನ್‌ಗಳನ್ನು ತೆರೆಸುತ್ತದೆ.

ಪ್ರಯೋಗಾಲಯದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಇಲಿಯ ಸ್ನಾಯುವಿನಿಂದ ಬಂದ ಸಿ2ಸಿ12 ಎಂಬ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಕೋಶಗಳು ಹೆಚ್ಚಲು ನೆರವಾಗುವ ಸೀರಮ್ (ರಕ್ತದ ತಿಳಿ) ಜಾಸ್ತಿ ಇದ್ದ ದ್ರವವನ್ನು ತೆಗೆದು, ಕುದುರೆಯ ಸೀರಮ್ ಶೇಕಡ 2ರಷ್ಟು ಮಾತ್ರ ಇರುವ ದ್ರವ ಹಾಕುತ್ತಾರೆ. ಕೆಲವೇ ದಿನಗಳಲ್ಲಿ ಕೋಶಗಳು ಸಾಲಾಗಿ ನಿಂತು, ಬೆಸೆದು, ಹಲವು ಕೋಶಕೇಂದ್ರಗಳಿರುವ ಕೊಳವೆಗಳಾಗುತ್ತವೆ. ಪಿ-38ನ್ನು ತಡೆಯುವ ರಾಸಾಯನಿಕ ಸೇರಿಸಿದರೆ ಹೆಚ್ಚಿನವು ಒಂಟಿಯಾಗಿಯೇ ಉಳಿಯುತ್ತವೆ.

ಹಾಗಂತ ಪಿ-38 ಜಾಸ್ತಿಯಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಮುದಿ ಇಲಿಗಳ ಸ್ಯಾಟಲೈಟ್ ಕೋಶಗಳಲ್ಲಿ ಅದು ಅತಿಯಾಗಿ ಚುರುಕಾಗಿರುತ್ತದೆ. ಕೋಶಗಳು ಬೇಗ ದುಡಿಮೆಗೆ ಇಳಿದುಬಿಡುತ್ತವೆ, ಮುಂದಿನ ಗಾಯಕ್ಕೆ ಮೀಸಲು ಉಳಿಯುವುದಿಲ್ಲ. 2014ರಲ್ಲಿ ವಿಜ್ಞಾನಿಗಳು ಇಂಥ ಕೋಶಗಳಲ್ಲಿ ಪಿ-38ನ್ನು ತಡೆದರು. ಮೃದುವಾದ ಜೆಲ್ ಮೇಲೆ ಬೆಳೆಸಿ ಮುದಿ ಇಲಿಗಳಿಗೇ ಮತ್ತೆ ಕಸಿ ಮಾಡಿದರು. ಗಾಯಗೊಂಡಿದ್ದ ಸ್ನಾಯುಗಳಿಗೆ ಶಕ್ತಿ ಮರಳಿತು.