ಎರಡು ನಿಮಿಷದ ಥ್ರಿಲ್ಲರ್: ನೋಡುವವನಿಗೆ ಯಾವಾಗ, ಎಷ್ಟು ಗೊತ್ತಾಗಬೇಕು

(ಕೋಲಾರದಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಕಿರುಚಿತ್ರ ಶಿಬಿರದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಗುರುಗಳಿಗೂ, ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನು ಅನುಮಾನದಿಂದ ನೋಡುತ್ತಿರುವವರಿಗೂ.

ನೀವು ಬರೆದುಕೊಟ್ಟ ಯೋಜನೆಗಳನ್ನು ಓದಿಕೊಂಡೇ ಬಂದಿದ್ದೇನೆ. ಎಲ್ಲ ಗುಂಪಿಗೂ ಒಂದೇ ಕೆಲಸ: ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ, ಟೈಟಲ್ ಸಮೇತ. ಪೂರ್ತಿ ಕಥೆ ಬೇಕಿಲ್ಲ. ಓದಿ ನೋಡಿದರೆ ಅರ್ಧ ಜನ ಅಂತರಗಂಗೆ ಗುಹೆಗೆ ಹೊರಟಿದ್ದೀರಿ, ಇನ್ನರ್ಧ ಕೆಜಿಎಫ್‌ನ ಸೈನೈಡ್ ಗುಡ್ಡಕ್ಕೆ. ಮುಖವಾಡ ಹಾಕಿದವನೊಬ್ಬ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದ್ದಾನೆ. ರಕ್ತಕ್ಕಂತೂ ಬರ ಇಲ್ಲ.

ಸೈನೈಡ್ ಗುಡ್ಡದ ಮಾತು ಮೊದಲು ಮುಗಿಸಿಬಿಡೋಣ. ಅಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಗುಡ್ಡ ಎಂದು ನಾವು ಕರೆಯುವುದು ಅದಿರು ಅರೆದು, ಸೈನೈಡ್ ಹಾಯಿಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಗಾಳಿ ಎದ್ದರೆ ಆ ಧೂಳು ಮನೆಯೊಳಗೇ ಬರುತ್ತದೆ ಅಂತ ಅಲ್ಲಿನವರನ್ನು ಕೇಳಿದರೆ ಹೇಳುತ್ತಾರೆ. ಅದರ ಮೇಲೆ ಹೊರಳಾಡುವ ಫೈಟ್ ಸೀನ್ ಬರೆದಿರುವವರು ದಯವಿಟ್ಟು ಬೇರೆ ಜಾಗ ಹುಡುಕಿ. ಗಣಿಯ ಹಳೆಯ ಬಾವಿಗಳ ಹತ್ತಿರ ಸುಳಿಯುವುದಂತೂ ಬೇಡವೇ ಬೇಡ.

ಈಗ ಒಂದು ಸುದ್ದಿ ನೆನಪಿಸಿಕೊಳ್ಳಿ. 2023ರ ಜುಲೈ. ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದ ಕಾಲ. ಆ ತಿಂಗಳ ಕೊನೆಯಲ್ಲಿ ಕೋಲಾರದಿಂದ ಜೈಪುರಕ್ಕೆ ಹೊರಟ ಒಂದು ಲಾರಿ ನಡುದಾರಿಯಲ್ಲಿ ಕಾಣೆಯಾಯಿತು. ಒಳಗಿದ್ದ ಮಾಲಿನ ಬೆಲೆ ಸುಮಾರು 21 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಆಮೇಲೆ ಏನಾಯಿತು ಅನ್ನುವುದು ಪೊಲೀಸರ ಕೆಲಸ, ಅದರಲ್ಲಿದ್ದ ನಿಜವಾದ ಜನರನ್ನು ನಿಮ್ಮ ಚಿತ್ರಕ್ಕೆ ಎಳೆದು ತರಬೇಡಿ. ಸನ್ನಿವೇಶವನ್ನಷ್ಟೇ ತೆಗೆದುಕೊಳ್ಳಿ. ಬಾಕ್ಸ್ ಐವತ್ತು ರೂಪಾಯಿಗೆ ಬಿದ್ದು, ರೈತರು ಟೊಮೆಟೊವನ್ನು ರಸ್ತೆಗೆ ಸುರಿಯುವ ದಿನಗಳಲ್ಲಿ ಅದೇ ಲಾರಿ ಕಾಣೆಯಾಗಿದ್ದರೆ ಯಾರೂ ಹಿಂತಿರುಗಿ ನೋಡುತ್ತಿರಲಿಲ್ಲ. ಕಳೆದುಕೊಳ್ಳುವುದಕ್ಕೆ ಏನೋ ಇರಬೇಕು. ಥ್ರಿಲ್ಲರ್‌ಗೆ ಅದು ಮೊದಲ ಷರತ್ತು, ಮುಖವಾಡ ಆಮೇಲಿನ ಮಾತು.

ಎರಡನೆಯದು ಜಾಗ. ಗುಹೆಯೊಳಗೆ ಏನಾದರೂ ಆಗಬಹುದು, ಹಾಗಾಗಿ ಏನೇ ಆದರೂ ನೋಡುವವನಿಗೆ ಅಚ್ಚರಿ ಇಲ್ಲ. ಕತ್ತಲೆ ಅಂತೂ ಅಲ್ಲಿ ಮೊದಲೇ ಇದೆ. ಟೊಮೆಟೊ ಮಂಡಿ ಹಾಗಲ್ಲ. ಬಾಕ್ಸ್‌ಗಳ ಸಾಲು, ಹರಾಜು ಕೂಗುವವನ ಗಂಟಲು, ಹಮಾಲರ ಓಡಾಟ, ರಿವರ್ಸ್ ತೆಗೆಯುವ ಲಾರಿಯ ಪೀಂ ಪೀಂ, ಇವೆಲ್ಲ ನಿಮ್ಮ ಊರಿನ ಪ್ರೇಕ್ಷಕನಿಗೆ ಕಣ್ಣು ಮುಚ್ಚಿದರೂ ಗೊತ್ತು. ಎಲ್ಲ ಸರಿ ಇರುವ ಕಡೆ ಒಂದೇ ಒಂದು ತಪ್ಪಿದರೆ ಅವನು ತಟ್ಟನೆ ಹಿಡಿಯುತ್ತಾನೆ. ಆ ಒಂದು ಕ್ಷಣಕ್ಕಾಗಿಯೇ ನೀವು ಇಷ್ಟೆಲ್ಲ ಒದ್ದಾಡುವುದು.

ಇದನ್ನು ಕಾಗದದ ಮೇಲೆ ತರುವುದು ಹೇಗೆ? ಸ್ಕ್ರಿಪ್ಟ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಶಾಟ್. ಎರಡನೆಯದರಲ್ಲಿ, ಆ ಶಾಟ್ ಮುಗಿದಾಗ ಪಾತ್ರಕ್ಕೆ ಏನು ಗೊತ್ತು. ಮೂರನೆಯದರಲ್ಲಿ, ಪ್ರೇಕ್ಷಕನಿಗೆ ಏನು ಗೊತ್ತು. ಎರಡೂ ಒಂದೇ ಆಗಿದ್ದರೆ ಇಬ್ಬರೂ ಜೊತೆಯಾಗಿ ಹುಡುಕುತ್ತಾರೆ. ಪಾತ್ರಕ್ಕೆ ಹೆಚ್ಚು ಗೊತ್ತಿದ್ದರೆ ನಮಗೆ ಕುತೂಹಲ. ನಮಗೆ ಹೆಚ್ಚು ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಹೊಟ್ಟೆಯಲ್ಲಿ ಸಂಕಟ. ನಿಮ್ಮ ಯೋಜನೆಗಳಲ್ಲಿ ಕುತೂಹಲ ಬೇಕಾದಷ್ಟಿದೆ. ಯಾರು ಅವನು, ಚೀಲದಲ್ಲಿ ಏನು, ಹೀಗೆ. ಸಂಕಟ ಒಂದರಲ್ಲೂ ಸಿಗಲಿಲ್ಲ.

ಅದೇ ಲಾರಿಯ ಸನ್ನಿವೇಶ ತೆಗೆದುಕೊಂಡು ಮಾಡಿ ನೋಡೋಣ. ಲಾರಿ ನಿಮಗೆ ಸಿಗುವುದಿಲ್ಲ, ಬಾಡಿಗೆ ಕೊಡುವ ದುಡ್ಡೂ ಇಲ್ಲ ಅಂತ ಗೊತ್ತು. ಬೇಕಾಗಿಯೂ ಇಲ್ಲ. ಬೆಳಗಿನ ಮಂಡಿ. ಮಾಲೀಕ ಫೋನ್ ಕಿವಿಗೆ ಹಿಡಿದು ನಿಂತಿದ್ದಾನೆ. ರಾತ್ರಿ ಲೋಡ್ ಮಾಡಿ ಕಳಿಸಿದ ಗಾಡಿ ಇಷ್ಟೊತ್ತಿಗೆ ಅನಂತಪುರ ದಾಟಿರಬೇಕು. ಡ್ರೈವರ್ ಎತ್ತುತ್ತಿಲ್ಲ. ಇಲ್ಲಿಗೆ ನಮಗೂ ಅವನಿಗೂ ಗೊತ್ತಿರುವುದು ಒಂದೇ. ಅವನು ಮತ್ತೆ ರಿಂಗ್ ಮಾಡುತ್ತಾನೆ. ಅವನ ಬೆನ್ನ ಹಿಂದೆ ಖಾಲಿ ಬಾಕ್ಸ್‌ಗಳ ರಾಶಿ. ಅದರಲ್ಲಿ ಒಂದು ಬಾಕ್ಸ್‌ನೊಳಗೆ, ಸಂದಿಯಲ್ಲಿ, ಬೆಳಕು ಹತ್ತುತ್ತದೆ. ಡ್ರೈವರ್‌ನ ಫೋನ್ ಅಲ್ಲೇ ಇದೆ. ವೈಬ್ರೇಟ್ ಆಗುತ್ತಿದೆ. ಹರಾಜಿನ ಗದ್ದಲದಲ್ಲಿ ಮಾಲೀಕನಿಗೆ ಕೇಳುವುದಿಲ್ಲ. ಅವನು ಕಟ್ ಮಾಡುತ್ತಾನೆ, ಬೆಳಕು ಆರುತ್ತದೆ. ಮತ್ತೆ ಮಾಡುತ್ತಾನೆ, ಮತ್ತೆ ಹತ್ತುತ್ತದೆ. ಆಮೇಲೆ ಹಮಾಲನೊಬ್ಬ ಬಂದು ಆ ಬಾಕ್ಸ್‌ಗಳನ್ನು ಎತ್ತಿ ಬೇರೊಂದು ಗಾಡಿಗೆ ಎಸೆಯತೊಡಗುತ್ತಾನೆ.

ನೋಡಿ, ಒಂದು ಹನಿ ರಕ್ತ ಇಲ್ಲ, ಯಾರೂ ಓಡಿಲ್ಲ. ಆದರೂ ‘ಹಿಂದೆ ತಿರುಗಿ ನೋಡಪ್ಪಾ’ ಅಂತ ಕೂಗಬೇಕು ಅನ್ನಿಸುತ್ತದೆ. ಲಾರಿ ಎಲ್ಲಿ, ಡ್ರೈವರ್ ಬದುಕಿದ್ದಾನಾ, ಅವನ ಫೋನ್ ಇಲ್ಲಿಗೆ ಹೇಗೆ ಬಂತು, ಇದಕ್ಕೆ ಉತ್ತರ ಹೇಳುವುದು ಮುಂದಿನ ಎರಡು ಗಂಟೆಯ ಸಿನಿಮಾದ ಪಾಡು. ನಿಮ್ಮ ಅಸೈನ್‌ಮೆಂಟ್ ಇಲ್ಲಿಗೆ ಮುಗಿಯಿತು.

ಮರೆಮಾಡುವುದು ನಮಗೆ ಹೊಸ ವಿದ್ಯೆಯೇನಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ದೊಡ್ಡ ಪಾತ್ರ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದೆ ಕುಣಿತ ಶುರುವಾಗಿರುತ್ತದೆ, ಗೆಜ್ಜೆ ಕೇಳುತ್ತದೆ, ಮುಖ ಕಾಣುವುದಿಲ್ಲ. ಇನ್ನೂ ಎಷ್ಟೊತ್ತು ಹಿಡಿದಿರಬೇಕು ಎಂಬುದು ಒಳ್ಳೆಯ ಭಾಗವತನಿಗೆ ಗೊತ್ತು. ನಿಮ್ಮಲ್ಲಿ ಆ ಕೆಲಸ ಎಡಿಟರ್‌ನದು.

ಈ ದೃಶ್ಯಕ್ಕೆ ನಿಮ್ಮ ಮೊಬೈಲ್ ಕ್ಯಾಮೆರಾ ಹೇಳಿ ಮಾಡಿಸಿದಂತಿದೆ. ಮೊಬೈಲ್‌ನ ಸೆನ್ಸರ್ ಚಿಕ್ಕದು, ಅದಕ್ಕೇ ಹತ್ತಿರದ ಮುಖವೂ ದೂರದ ಬಾಕ್ಸೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ‘ಸಾರ್, ಬ್ಯಾಕ್‌ಗ್ರೌಂಡ್ ಬ್ಲರ್ ಆಗಲ್ಲ’ ಅಂತ ಗೊಣಗುತ್ತೀರಲ್ಲ, ಇಲ್ಲಿ ಆಗಲೇಬಾರದು. ಮಾಲೀಕನನ್ನು ಫ್ರೇಮಿನ ಒಂದು ಬದಿಗೆ ನಿಲ್ಲಿಸಿ, ಬಾಕ್ಸ್ ಇನ್ನೊಂದು ಬದಿಗೆ ಇರಲಿ, ಟ್ರೈಪಾಡ್ ಮೇಲಿಟ್ಟು ಅಲುಗಾಡದೆ ಬಿಡಿ. ಬೆಳಕು ಹತ್ತುವುದನ್ನು ಪ್ರೇಕ್ಷಕ ತಾನೇ ಕಂಡುಹಿಡಿಯಲಿ. ಅಲ್ಲಿಗೆ ಕ್ಲೋಸಪ್ ಕತ್ತರಿಸಿ ತೋರಿಸಿದರೆ ಬೆರಳು ಮಾಡಿ ತೋರಿಸಿದಂತಾಗುತ್ತದೆ. ಕ್ಲೋಸಪ್ ಬೇಕಾದರೆ ಎರಡನೇ ಸಲ ರಿಂಗ್ ಆದಾಗ ಬರಲಿ. ಪೋರ್ಟ್ರೇಟ್ ಮೋಡ್, ಡಿಜಿಟಲ್ ಜೂಮ್ ಎರಡನ್ನೂ ಮರೆತುಬಿಡಿ. ಲೆನ್ಸ್ ಒರೆಸಿಕೊಳ್ಳಿ, ಇದು ಸಣ್ಣ ಮಾತಲ್ಲ, ಜೇಬಿನಲ್ಲಿದ್ದ ಫೋನ್ ಅದು.

ಸೆಟ್ಟಿಂಗ್ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದರಲ್ಲಿ ಉರಿಯುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಹೆಚ್ಚಿನ ಮೊಬೈಲ್‌ಗಳು ತಾವಾಗಿ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಇರುತ್ತವೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ನಮ್ಮ ಕರೆಂಟಿಗೆ ಹೊಂದದಿದ್ದರೆ ಪರದೆ ಮೇಲೆ ಪಟ್ಟಿಪಟ್ಟಿಯಾಗಿ ಏನೋ ಹರಿದಾಡುತ್ತದೆ. 25 ಫ್ರೇಮ್ ಇಟ್ಟು ಶಟರ್ ಅನ್ನು 1/50 ಸೆಕೆಂಡಿಗೆ ಕಟ್ಟಿಹಾಕಿ, ಆ ಕಾಟ ತಪ್ಪುತ್ತದೆ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಹಮಾಲ ಬಿಳಿ ಬನಿಯನ್ ಹಾಕಿಕೊಂಡು ಮುಂದೆ ಹೋದಾಗಲೆಲ್ಲ ದೃಶ್ಯವೇ ಕಪ್ಪಾಗುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಟೇಕ್ ಮಧ್ಯೆ ಅಮ್ಮ ಫೋನ್ ಮಾಡೇ ಮಾಡುತ್ತಾರೆ.

ಎಲ್ಲವನ್ನೂ ಮಂಡಿಯಲ್ಲೇ ತೆಗೆಯಬೇಕಿಲ್ಲ. ಸುಗ್ಗಿಯಲ್ಲಿ ಅಲ್ಲಿ ಟ್ರೈಪಾಡ್ ಇಟ್ಟರೆ ಹಮಾಲರು ನಿಮ್ಮನ್ನೇ ಎತ್ತಿ ಲೋಡ್ ಮಾಡಿಬಿಡುತ್ತಾರೆ. ಮಂಡಿಯವರ ಒಪ್ಪಿಗೆ ಕೇಳಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಎರಡು ವಿಶಾಲ ಶಾಟ್ ತೆಗೆದುಕೊಂಡು ಬನ್ನಿ. ಮಿಕ್ಕಿದ್ದು ಹಾಸ್ಟೆಲ್ ಹಿಂದಿನ ಗೋಡೆ ಹತ್ತಿರ, ಒಂದಿಷ್ಟು ಬಾಕ್ಸು, ಒಂದು ಟಾರ್ಪಾಲು, ಹಗ್ಗ. ಆದರೆ ಶಬ್ದ ಮಾತ್ರ ಮಂಡಿಯದೇ ಬೇಕು.

ಶಬ್ದಕ್ಕೆ ಬಂದೆ. ನಿಮ್ಮ ಯೋಜನೆಗಳಲ್ಲಿ ಅದಕ್ಕೆ ಇರುವುದು ಒಂದೇ ಸಾಲು, ‘ಸಸ್ಪೆನ್ಸ್ ಬಿಜಿಎಂ’. ಅಂತರ್ಜಾಲದಿಂದ ಇಳಿಸಿದ ಆ ಢಂಢಂ ಎಲ್ಲ ಚಿತ್ರಗಳಲ್ಲೂ ಒಂದೇ, ಮೇಲಾಗಿ ಅದು ಬೇರೆಯವರ ಸ್ವತ್ತು. ಈ ದೃಶ್ಯದಲ್ಲಿ ಸಂಗೀತವೇ ಬೇಡ. ಹರಾಜಿನ ಕೂಗು ಒಂದು ಪದರ. ಪ್ಲಾಸ್ಟಿಕ್ ಬಾಕ್ಸ್ ಮೇಲೆ ಫೋನ್ ಗುರ್ರೆನ್ನುವುದು ಇನ್ನೊಂದು. ಮಾಲೀಕನ ಕಿವಿಯಲ್ಲಿ ರಿಂಗಿನ ಟ್ರಿಣ್ ಮೂರನೆಯದು. ಗುರ್ ಮತ್ತು ಟ್ರಿಣ್ ತಾಳಕ್ಕೆ ತಾಳ ಕೂಡಿದ ಕ್ಷಣದಲ್ಲಿ ಪ್ರೇಕ್ಷಕನಿಗೆ ವಿಷಯ ತಿಳಿಯಬೇಕು. ನಡುವೆ ಒಮ್ಮೆ ಹರಾಜು ನಿಲ್ಲಲಿ, ಎಲ್ಲ ಸ್ತಬ್ಧ. ಈಗ ಕೇಳಿಸುತ್ತದೆ ಅಂದುಕೊಳ್ಳುವಷ್ಟರಲ್ಲಿ ಅವನೇ ಕಾಲ್ ಕಟ್ ಮಾಡಿರುತ್ತಾನೆ. ಇದನ್ನು ಬರೆಯುವಾಗಲೇ ಬರೆಯಬೇಕು, ಎಡಿಟಿಂಗ್ ಟೇಬಲ್ ಮೇಲೆ ಹುಟ್ಟಿಸುವುದಕ್ಕಾಗದು.

ರೆಕಾರ್ಡ್ ಮಾಡಲು ಎರಡನೇ ಫೋನ್ ಸಾಕು. ಅದನ್ನು ನಟನ ಜೇಬಿನಲ್ಲೋ ಫ್ರೇಮಿನ ಹೊರಗೆ ಅವನ ಬಾಯಿಗೆ ಆದಷ್ಟು ಹತ್ತಿರವೋ ಇಡಿ. ಟೇಕ್ ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ, ಎರಡೂ ರೆಕಾರ್ಡಿಂಗ್ ಹೊಂದಿಸಲು ಅದೇ ಗುರುತು. ಹೊರಡುವ ಮುಂಚೆ ಎಲ್ಲರೂ ಬಾಯಿ ಮುಚ್ಚಿಕೊಂಡು ಆ ಜಾಗದ ಖಾಲಿ ಸದ್ದನ್ನು ಅರ್ಧ ನಿಮಿಷ ತೆಗೆದುಕೊಳ್ಳಿ. ಕಟ್‌ಗಳ ನಡುವಿನ ತೂತು ಮುಚ್ಚುವುದು ಅದೇ.

ಮಾತಿನ ಬಗ್ಗೆ ನನಗೊಂದು ತಕರಾರಿದೆ. ನಿಮ್ಮ ಪಾತ್ರಗಳೆಲ್ಲ ಟಿವಿ ಸೀರಿಯಲ್ ಕನ್ನಡ ಆಡುತ್ತಿವೆ. ‘ನೀನು ಎಲ್ಲಿರುವೆ? ನನಗೆ ಭಯವಾಗುತ್ತಿದೆ.’ ಕೋಲಾರದ ಮಂಡಿಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ಅಲ್ಲಿ ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು ಎರಡೂ ಬರುತ್ತವೆ. ರೈತನಿಗೆ ‘ಬಾಪ್ಪ’ ಅಂದವನೇ ಫೋನ್ ಎತ್ತಿ ‘ಎಕ್ಕಡುನ್ನಾವ್ರಾ’, ಎಲ್ಲಿದ್ದೀಯೋ, ಅನ್ನುತ್ತಾನೆ. ಹಾಗೇ ಬರೆಯಿರಿ. ತಿಪಟೂರಿನವರು ಇದನ್ನೇ ತೆಗೆದರೆ ಕೊಬ್ಬರಿ ಮಂಡಿಯ ಮಾತು ಬೇರೆ ಥರ ಇರುತ್ತದೆ, ಇರಬೇಕು.

ನಟನೆಗೆ ಹೆದರಬೇಡಿ. 1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೊವ್ ಎಂಬ ನಿರ್ದೇಶಕ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಅಂಟಿಸಿ ತೋರಿಸಿದ. ಪಕ್ಕದಲ್ಲಿ ಏನಿದೆಯೋ ಅದಕ್ಕೆ ತಕ್ಕ ಭಾವವನ್ನು ಜನ ಆ ಮುಖದಲ್ಲೇ ಕಂಡರು. ಹಾಗಾಗಿ ನಿಮ್ಮ ಮಾಲೀಕ ಕಣ್ಣರಳಿಸಿ ಬೆವರು ಒರೆಸಿಕೊಳ್ಳುವುದೇನೂ ಬೇಡ. ಸುಮ್ಮನೆ ಫೋನ್ ನೋಡಲಿ. ಉಳಿದದ್ದನ್ನು ಬಾಕ್ಸ್‌ನೊಳಗಿನ ಬೆಳಕು ಮಾಡುತ್ತದೆ.

ಟೈಟಲ್‌ಗಳನ್ನು ಕೊನೆಗೆ ಗಡಿಬಿಡಿಯಲ್ಲಿ ಅಂಟಿಸುತ್ತೀರಿ. ಎರಡು ನಿಮಿಷದಲ್ಲಿ ಅವುಗಳಿಗೂ ಜಾಗ ಬೇಕಲ್ಲ, ಶಾಟ್ ಯೋಚಿಸುವಾಗಲೇ ಫ್ರೇಮಿನಲ್ಲಿ ಖಾಲಿ ಬಿಡಿ. ನಿಧಾನವಾಗಿ ಒಮ್ಮೆ ಓದುವಷ್ಟು ಹೊತ್ತು ನಿಲ್ಲಲಿ. ಕನ್ನಡ ಅಕ್ಷರಕ್ಕೆ ಒತ್ತು ಕೆಳಗೆ ಇಳಿಯುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಒಬ್ಬರ ಹೆಸರಿನ ಒತ್ತು ಇನ್ನೊಬ್ಬರ ತಲೆ ಮೇಲೆ ಕೂರುತ್ತದೆ. ಬಾಕ್ಸ್‌ನ ಬೆಳಕು ಹತ್ತಿದ ಮೇಲೆ ಯಾವ ಹೆಸರೂ ಬರಬಾರದು, ಓದುವವರು ಯಾರು ಆಗ?

ರಾತ್ರಿ ದೃಶ್ಯ ಬರೆದವರು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಬಳಸಿಕೊಳ್ಳಿ. ಆಕಾಶದಲ್ಲಿ ನೀಲಿ ಇರುತ್ತದೆ, ಬೀದಿದೀಪ ಹತ್ತಿರುತ್ತದೆ, ಪರದೆಯಲ್ಲಿ ಅದು ರಾತ್ರಿಯೇ. ಪೂರ್ತಿ ಕತ್ತಲಾದ ಮೇಲೆ ಮೊಬೈಲಿನಲ್ಲಿ ತೆಗೆದರೆ ಚಿತ್ರದ ತುಂಬ ಬರೀ ಜಲ್ಲಿಯಂಥ ಚುಕ್ಕೆ. ದೀಪ ಹಿಂದಿನಿಂದ ಬರಲಿ. ಮಂಜು ಬೇಕಾದರೆ ಸಾಂಬ್ರಾಣಿ ಹೊಗೆ, ಕಿಟಕಿ ತೆರೆದಿಟ್ಟುಕೊಂಡು.

ಇನ್ನು ಅಪಾಯದ ಮಾತು. ಮೂರು ಗುಂಪಿನವರು ಮಗುವಿನ ಅಪಹರಣ ಬರೆದಿದ್ದೀರಿ, ಅದೂ ಬೀದಿಯಲ್ಲಿ, ‘ಜನರ ನಿಜವಾದ ರಿಯಾಕ್ಷನ್ ಸಿಗಲಿ’ ಅಂತ ಯಾರಿಗೂ ಹೇಳದೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಸೇರಿ ಒಬ್ಬನನ್ನು ಹೊಡೆದು ಕೊಂದರು. ಅವನು ಕೆಲಸ ಹುಡುಕಿಕೊಂಡು ಬಂದವನು. ನಿಮ್ಮ ನಟನಿಗೆ ಹಾಗಾಗುವುದಿಲ್ಲ ಎಂದು ಯಾರು ಹೇಳುತ್ತಾರೆ? ಆ ದೃಶ್ಯ ಬೇಕೇ ಬೇಕಾದರೆ ಕಾಂಪೌಂಡ್ ಒಳಗೆ, ಮಗುವಿನ ಅಪ್ಪ ಅಮ್ಮ ಪಕ್ಕದಲ್ಲಿ ನಿಂತಿರುವಾಗ. ಆಟಿಕೆ ಪಿಸ್ತೂಲನ್ನು ಬಸ್ ಸ್ಟ್ಯಾಂಡಿನಲ್ಲಿ ಹೊರಗೆ ತೆಗೆದರೆ ಯಾರಾದರೂ 112ಕ್ಕೆ ಫೋನ್ ಮಾಡುತ್ತಾರೆ, ಮಾಡಲೂ ಬೇಕು. ರೈಲ್ವೆ ಪ್ಲಾಟ್‌ಫಾರಂಗೆ ರೈಲ್ವೆಯ ಅನುಮತಿ ಬೇಕು. ನಂದಿಯ ಭೋಗನಂದೀಶ್ವರ ದೇವಸ್ಥಾನ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿಗೂ ಅರ್ಜಿ ಹಾಕಬೇಕು. ಇದೆಲ್ಲ ತಲೆನೋವು ಅನ್ನಿಸಿದರೆ ಹಾಸ್ಟೆಲ್ ಗೋಡೆ ಇದೆಯಲ್ಲ.

ಎಡಿಟ್ ಆದ ಮೇಲೆ ನಿಮ್ಮ ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ. ತಂಗಿ ಆಗಬಹುದು, ಕ್ಯಾಂಟೀನ್ ಅಣ್ಣ ಆಗಬಹುದು. ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ, ‘ಈಗ ನಿಮಗೆ ಏನು ಗೊತ್ತು?’ ಅಂತ ಕೇಳಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಅವರ ಉತ್ತರ ಬರೆದುಕೊಂಡು ನಿಮ್ಮ ಮೂರನೇ ಕಾಲಂ ಪಕ್ಕ ಇಡಿ. ಎಲ್ಲಿ ಎರಡೂ ಹೊಂದುವುದಿಲ್ಲವೋ ಆ ಶಾಟ್ ಮತ್ತೆ ತೆಗೆಯಬೇಕಾಗುತ್ತದೆ, ಅದಕ್ಕೆ ವೇಳಾಪಟ್ಟಿಯಲ್ಲಿ ಒಂದು ಬೆಳಗ್ಗೆ ಖಾಲಿ ಬಿಟ್ಟಿರಿ, ನಟನಿಗೆ ಅಲ್ಲಿಯವರೆಗೆ ಕ್ಷೌರ ಮಾಡಿಸಿಕೊಳ್ಳಬೇಡ ಅಂತ ಹೇಳಿಟ್ಟಿರಿ. ಪ್ರಶ್ನೆಗಳಿದ್ದರೆ ಈಗ ಕೇಳಿ, ಹಿಂದಿನ ಬೆಂಚಿನವರೂ ಕೇಳಬಹುದು.